ತೋಟದ ಜೀಪು, ವಿಹಾರದ ಜೀಪು



ಮಲೆನಾಡಿನ ತೋಟಗಳಲ್ಲಿಯೂ ಘಟ್ಟದ ಹಾದಿಗಳಲ್ಲಿಯೂ ದಶಕಗಳ ಕಾಲ ದುಡಿದು, ಈಗ ಹೊಸ ಬಣ್ಣ ತಳೆದು ಈ ಮೈದಾನದಲ್ಲಿ ಸಾಲಾಗಿ ನಿಂತಿರುವ ಹಳೆಯ ಜೀಪುಗಳ ಪ್ರದರ್ಶನವನ್ನು ಉದ್ಘಾಟಿಸುವ ಗೌರವವನ್ನು ತಾವು ನನಗೆ ದಯಪಾಲಿಸಿದ್ದೀರಿ, ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಇವುಗಳಲ್ಲಿ ಅನೇಕವು ಇಂದು ಭಾನುವಾರದ ವಿಹಾರಕ್ಕೋ ಕೆಸರಿನ ಪಂದ್ಯಕ್ಕೋ ಹೊರಡುವಂಥವು. ಆದರೆ ಇವುಗಳ ಕುಲದ ಹುಟ್ಟು ವಿನೋದಕ್ಕಾಗಿ ಆದದ್ದಲ್ಲ.

1940ರಲ್ಲಿ ಯುರೋಪು ಯುದ್ಧಾಗ್ನಿಯಲ್ಲಿ ಬೇಯುತ್ತಿದ್ದಾಗ, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಲ್ಲುವಂಥ ಒಂದು ಹಗುರವಾದ ವಾಹನವನ್ನು 49 ದಿನಗಳೊಳಗೆ ಮಾಡಿ ತೋರಿಸಬೇಕೆಂದು ಅಮೆರಿಕದ ಸೈನ್ಯವು ಕಾರ್ಖಾನೆಗಳನ್ನು ಕೇಳಲು, ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಕಂಪನಿಯು ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರರ ನೆರವಿನಿಂದ ಗಡುವಿನೊಳಗೇ ಅದನ್ನು ಒಪ್ಪಿಸಿತು. ತರುವಾಯ ದೊಡ್ಡ ಆರ್ಡರುಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಮಿಕ್ಕು ಜೀಪುಗಳು ಸಿದ್ಧವಾಗಿದ್ದವು. ಮೊದಲ ಜೀಪನ್ನು ಮಾಡಿದ ಆ ಸಣ್ಣ ಕಂಪನಿಯ ಹೆಸರು ಬಹುಮಂದಿಗೆ ತಿಳಿಯದೆ ಹೋದದ್ದು ನನಗೆ ವ್ಯಥೆಯ ಸಂಗತಿ.

ಯುದ್ಧವು ನಿಂತೊಡನೆ ಜೀಪು ಹೊಲಕ್ಕಿಳಿಯಿತು. 1945ರಲ್ಲಿ ವಿಲ್ಲೀಸ್ ಕಂಪನಿ ಹೊರತಂದ ನಾಗರಿಕ ಜೀಪು ಮುಖ್ಯವಾಗಿ ರೈತರಿಗಾಗಿ ಮಾಡಿದ್ದು. ಎಂಜಿನ್ನಿನ ಬಲವನ್ನು ಹಿಂಭಾಗದಲ್ಲಿ ಹೊರಗೆಳೆದು, ಬೆಲ್ಟು ತೊಡಿಸಿ, ಮರ ಕೊಯ್ಯುವ ಗರಗಸವನ್ನೋ ಒಕ್ಕಣೆಯ ಯಂತ್ರವನ್ನೋ ತಿರುಗಿಸುವ ಅನುಕೂಲ ಅದಕ್ಕಿತ್ತು. ಅತ್ತ ಬ್ರಿಟನ್ನಿನಲ್ಲಿ, ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಅವರು ವೇಲ್ಸಿನ ಆಂಗಲ್‌ಸೀ ದ್ವೀಪದ ತಮ್ಮ ಜಮೀನಿನಲ್ಲಿ ಸೈನ್ಯದ ಹಳೆಯ ಜೀಪೊಂದನ್ನು ದುಡಿಸುತ್ತಿದ್ದು, ಅದು ಸವೆದುಹೋದ ಮೇಲೆ ಇನ್ನಾವುದನ್ನು ತರುವುದೆಂಬ ಪ್ರಶ್ನೆಗೆ ಉತ್ತರವಾಗಿ ತಾವೇ ಒಂದು ವಾಹನವನ್ನು ಯೋಜಿಸಿದರು. ಉಕ್ಕಿಗೆ ಅಭಾವವಿದ್ದ ಕಾಲ. ಆದಕಾರಣ ಮೈಗೆ ಅಲ್ಯೂಮಿನಿಯಮ್ ಮಿಶ್ರಲೋಹವನ್ನು ಬಳಸಿದರು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮಿನಲ್ಲಿ ಲೋಕಕ್ಕೆ ಕಾಣಿಸಿದ ಲ್ಯಾಂಡ್ ರೋವರ್ ಅದೇ. ಅಭಾವದಿಂದ ಆರಿಸಿದ ಆ ಲೋಹವೇ ತುಕ್ಕು ಹಿಡಿಯದೆ ಅದಕ್ಕೆ ದೀರ್ಘಾಯುಷ್ಯವನ್ನು ತಂದಿತು.

ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲಾರಂಭಿಸಿತು. ಆ ವಂಶದ ಜೀಪು ನಮ್ಮ ತೋಟಗಳಿಗೆ ಬಂದ ಮೇಲೆ ಅದು ಹೊರದಿದ್ದ ಹೊರೆ ಯಾವುದು? ಗೊಬ್ಬರದ ಮೂಟೆ, ಕಾಫಿಯ ಮೂಟೆ, ಅಡಕೆಯ ಗೊನೆ, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಆಷಾಢದ ಮಳೆಯಲ್ಲಿ ಹೆರಿಗೆ ನೋವು ಹತ್ತಿದ ಹೆಣ್ಣುಮಗಳು. ಟೈರುಗಳಿಗೆ ಸರಪಳಿ ಸುತ್ತಿ ಕೆಸರು ದಾಟಿಸಿದ ಚಾಲಕರ ಸಾಹಸವನ್ನು ಮಲೆನಾಡಿನ ಹಿರಿಯರೆಲ್ಲ ಬಲ್ಲರು.

ಪ್ರದರ್ಶನದೊಳಗೆ ಹೋದಾಗ ತಾವು ಜೀಪಿನಲ್ಲಿ ಒಂದು ವಸ್ತುವನ್ನು ಬಗ್ಗಿ ನೋಡಬೇಕು. ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳಿವೆ: ಒಂದು, ಮುಂದಿನ ಚಕ್ರಗಳಿಗೂ ಬಲ ಹರಿಸುವುದು, ಇನ್ನೊಂದು, ಚಕ್ರದ ವೇಗವನ್ನು ತಗ್ಗಿಸಿ ಎಳೆಯುವ ಶಕ್ತಿಯನ್ನು ಹೆಚ್ಚಿಸುವುದು. ಅವುಗಳ ಹಿಡಿಗಳು ಅಂಗೈಯ ಉಜ್ಜಾಟಕ್ಕೆ ನುಣುಪಾಗಿ ಹೊಳೆಯುತ್ತವೆ. ಯಾವ ಬಣ್ಣದ ಹೊಳಪಿಗಿಂತಲೂ ಆ ಹೊಳಪು ನನಗೆ ಪೂಜ್ಯವಾದುದು.

ಕೆಲಸದ ಈ ವಾಹನವು ವಿಹಾರಕ್ಕೆ ತಿರುಗಿದ್ದು ಹೇಗೆ? 1953ರಲ್ಲಿ ಕ್ಯಾಲಿಫೋರ್ನಿಯದ ಜಾರ್ಜ್‌ಟೌನಿನವರು ತಮ್ಮ ಊರಿಗೆ ಜನರನ್ನು ಸೆಳೆಯುವುದಕ್ಕಾಗಿ, ರೂಬಿಕಾನ್ ಎಂಬ ಬಂಡೆಗಲ್ಲಿನ ಹಾದಿಯಲ್ಲಿ ಜೀಪುಗಳ ಸಾಮೂಹಿಕ ಯಾತ್ರೆಯೊಂದನ್ನು ಆರಂಭಿಸಿದರು. ಯೂಟಾ ಪ್ರಾಂತದ ಮೋಆಬಿನಲ್ಲಿ 1967ರಿಂದ ಈಸ್ಟರಿನ ವೇಳೆ ಜೀಪುಗಳ ಉತ್ಸವ ನಡೆಯುತ್ತದೆ. ಅಲ್ಲಿನ ಹಾದಿಗಳಲ್ಲಿ ಅನೇಕವನ್ನು 1950ರ ದಶಕದಲ್ಲಿ ಯುರೇನಿಯಮ್ ಅರಸಿ ಬಂದವರು ಕಡಿದದ್ದು. ಅದಿರಿನ ಬೇಡಿಕೆ ಕುಗ್ಗಿತು, ಹಾದಿ ಉಳಿಯಿತು, ಆ ಹಾದಿಗೆ ವಿಹಾರಿಗಳು ಬಂದರು. ದುಡಿಮೆ ತೆರೆದ ಮಾರ್ಗದಲ್ಲಿಯೇ ವಿನೋದವು ನಡೆದಿದೆ ಎಂಬುದನ್ನು ಜೀಪು ಸಂಘಗಳ ತರುಣರು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾನು ಪ್ರಾರ್ಥಿಸುತ್ತೇನೆ. ನಮ್ಮ ಘಟ್ಟಗಳಲ್ಲಿ ಹಾದಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಹಾಯಿಸಿದರೆ, ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣು ಒಂದೇ ಮಳೆಗಾಲದಲ್ಲಿ ಕೊಚ್ಚಿಹೋಗಿ, ಕೆಳಗಿನ ಹಳ್ಳವನ್ನು ರಾಡಿಮಾಡುವುದು. ಆ ಹಳ್ಳದ ನೀರನ್ನೇ ಕುಡಿಯುವ ಜನರಿದ್ದಾರೆ.

ಇನ್ನೊಂದು ಮಾತು. ಕೊಡಚಾದ್ರಿಗೋ ಮಡಿಕೇರಿಯ ಬಳಿಯ ಮಾಂದಲಪಟ್ಟಿಗೋ ಪ್ರವಾಸಿಗಳನ್ನು ಹೊತ್ತು ಏರುವ ಜೀಪಿನಲ್ಲಿ, ಹಿಂದಿನ ಸೀಟಿನವರಿಗೆ ವಿನೋದವಾದುದು ಮುಂದಿನ ಸೀಟಿನವನಿಗೆ ಕಸುಬು. ಹಿಂದೆ ಕುಳಿತವರು ಉಲ್ಲಾಸದಿಂದ ಕೂಗುತ್ತಿರುವಾಗ ಅವನು ಮುಂದಿನ ಕಲ್ಲಿನ ಮೇಲೆ ಕಣ್ಣಿಟ್ಟು, ಎಂಜಿನ್ನಿನ ದನಿಗೆ ಕಿವಿಗೊಟ್ಟು, ಮಕ್ಕಳ ಶಾಲೆಯ ಶುಲ್ಕವನ್ನೂ ಬ್ಯಾಂಕಿನ ಕಂತನ್ನೂ ಅದೇ ಹಾದಿಯಲ್ಲಿ ಸಂಪಾದಿಸುತ್ತಿರುತ್ತಾನೆ. ಜೀಪು ಕೆಲಸವನ್ನು ಬಿಟ್ಟು ಆಟಕ್ಕೆ ಸೇರಿತೆಂದು ಹೇಳುವವರ ಕಣ್ಣಿಗೆ ಆತನು ಬಿದ್ದಿಲ್ಲ.

ಆದುದರಿಂದ ವ್ಯವಸ್ಥಾಪಕರಲ್ಲಿ ನನ್ನದೊಂದು ಬಿನ್ನಹ. ಪ್ರತಿಯೊಂದು ವಾಹನದ ಮುಂದೆ ತಯಾರಾದ ವರ್ಷವನ್ನೂ ಎಂಜಿನ್ನಿನ ಅಳತೆಯನ್ನೂ ಬರೆದಿದ್ದೀರಿ. ಅದರ ಕೆಳಗೆ ಅದು ಯಾವ ತೋಟದಲ್ಲಿ ಏನು ಕೆಲಸ ಮಾಡಿತು, ಅದನ್ನು ಓಡಿಸಿದವರು ಯಾರು, ಕೆಟ್ಟಾಗ ರಿಪೇರಿ ಮಾಡಿದವರು ಯಾರು ಎಂಬುದನ್ನೂ ಸಂಜೆಯೊಳಗೆ ಬರೆಸಿರಿ. ಹೇಳಬಲ್ಲ ಹಿರಿಯ ಚಾಲಕರೂ ಗ್ಯಾರೇಜಿನವರೂ ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅವರೇ ಮೊದಲು ಒಳಗೆ ದಯಮಾಡಿಸಬೇಕೆಂದು ಕೋರಿ, ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತೇನೆ.