ಹಿತ್ತಲ ಶೆಡ್ಡಿನಿಂದ ಆಸ್ಪತ್ರೆಗೆ



ನಿಮ್ಮಲ್ಲಿ ಕೆಲವರು ಎಂಆರ್‌ಐ ಸ್ಕ್ಯಾನ್ ಮಾಡಿಸಿಕೊಂಡಿರುತ್ತೀರಿ. ಆ ಯಂತ್ರದ ಜೀವಾಳ ಅದರೊಳಗಿನ ಅಯಸ್ಕಾಂತ. ಅದರ ಹಿಂದಿನ ಒಬ್ಬರ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಮಾರ್ಟಿನ್ ವುಡ್ ಹರೆಯದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಆಮೇಲೆ ಎಂಜಿನಿಯರಿಂಗ್ ಓದಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅಯಸ್ಕಾಂತ ಮಾಡಿಕೊಡುತ್ತಿದ್ದರು. ಅಂಥವು ಬೇರೆ ವಿಜ್ಞಾನಿಗಳಿಗೂ ಬೇಕಿದ್ದವು. ಆದರೆ ವಿಶ್ವವಿದ್ಯಾಲಯವಿರುವುದು ಸಾಮಾನು ಮಾರುವುದಕ್ಕಲ್ಲವಲ್ಲ! 1959ರಲ್ಲಿ ಅವರು ಪತ್ನಿ ಆಡ್ರಿಯವರೊಂದಿಗೆ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಶುರುಮಾಡಿದರು. ಮನೆಯ ಹಿತ್ತಲ ಶೆಡ್ಡೇ ಕಾರ್ಖಾನೆ. ಪ್ರಯೋಗಾಲಯದ ಕೆಲಸವನ್ನೂ ಬಿಡಲಿಲ್ಲ.

ಕೆಲವು ಲೋಹದ ತಂತಿಗಳನ್ನು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿದರೆ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ. ಪುಸ್ತಕದ ಈ ಮಾತನ್ನು ಅವರ ಕಂಪನಿ ಅಯಸ್ಕಾಂತವಾಗಿ ಮಾಡಿತು. ಇಡೀ ದೇಹ ಹಿಡಿಸುವ ಅಂಥ ಅಯಸ್ಕಾಂತ 1980ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆ ಸೇರಿತು. ಶೆಡ್ಡಿನಿಂದ ಆಸ್ಪತ್ರೆಗೆ ಇಪ್ಪತ್ತೊಂದು ವರ್ಷದ ದಾರಿ.

ಇಲ್ಲಿ ಓದುವಾಗ ನಾನು, ಕೈಕೆಲಸ ಮಾಡುವವರು ಓದಿನಲ್ಲಿ ಹಿಂದೆ ಎಂದುಕೊಂಡಿದ್ದೆ. ಅದು ತಪ್ಪು. ತಲೆ ಕಂಡದ್ದನ್ನು ಕೈ ಮಾಡದಿದ್ದರೆ ಸಂಶೋಧನೆ ಜನರನ್ನು ಮುಟ್ಟುವುದಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ. ಜೊತೆಗೆ ಪ್ರಯೋಗಾಲಯದಲ್ಲಿ ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲು ಒಂದು ಗಟ್ಟಿ ಮೇಜು, ಒಂದಷ್ಟು ಉಪಕರಣ ಇಡಿಸೋಣ. ನನ್ನ ಪಾಲು ಇಂದೇ ಕೊಡುತ್ತೇನೆ.