ಕಲ್ಯಾಣದ ಕಾನೂನು ಗ್ರಂಥ

ಹಿಂದೂ ಅವಿಭಕ್ತ ಕುಟುಂಬದ ಖಾತೆಗೆ ನಾವು ಬ್ಯಾಂಕಿನವರು ಹಕ್ಕುದಾರರೆಲ್ಲರ ಸಹಿ ಕೇಳುತ್ತೇವೆ. ಈ ಹಕ್ಕಿನ ಮೂಲ ನಮ್ಮ ಕಲ್ಯಾಣದಲ್ಲಿದೆ! ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಸಂಸ್ಕೃತದಲ್ಲಿ ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಹೆಸರಿಗಷ್ಟೇ ಮಿತ, ಗ್ರಂಥ ದೊಡ್ಡದು. ಅದರ ಆಸ್ತಿ ಹಂಚಿಕೆಯ ಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿದನು. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದ ನ್ಯಾಯಾಲಯಗಳಿಗೆ ಮಿತಾಕ್ಷರವೇ ಆಧಾರವಾಯಿತು.

ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಮಗಳಿಗಿಲ್ಲ. ಕರ್ನಾಟಕ 1994ರಲ್ಲಿ ಆಕೆಗೂ ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ತಾಯಂದಿರು ಇದನ್ನು ತಿಳಿದಿರಬೇಕು. ತವರಿನಿಂದ ಬಂದ ಕಾಗದಕ್ಕೆ ಓದದೆ ಸಹಿ ಹಾಕಬಾರದು.

ಇದರ ಪೂರ್ವಕಥೆ ಮುಂಬಯಿಯ ವಕೀಲರಾಗಿದ್ದ ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸದಲ್ಲಿದೆ: ಐದು ಸಂಪುಟ, 1930ರಿಂದ 1962ರವರೆಗಿನ ಪ್ರಕಟಣೆ. ಸಂಘದ ಕಪಾಟಿಗೆ ಈ ವರ್ಷ ತರಿಸೋಣವೇ?