ಬೋರ್ಡಿಗೆ ಕನ್ನಡ ಬಂತು, ಸರ್ಟಿಫಿಕೇಟಿಗೆ ಬೆಲೆ ಯಾವಾಗ?

(ಅರಸೀಕೆರೆಯಲ್ಲಿ ಕನ್ನಡ ಯುವಜನರ ಮುಂದೆ ಮಾಡಿದ ಭಾಷಣದ ಬರಹರೂಪ)

ಕನ್ನಡದ ಕಟ್ಟಾಳುಗಳೇ, ಅಕ್ಕತಂಗಿಯರೇ,

ಬೆಂಗಳೂರಿನಿಂದ ರೈಲು ಹತ್ತಿ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ಬಂದಿದ್ದೀರಿ. ನಾಳೆ ಬೇಲೂರು, ಹಳೇಬೀಡು ನೋಡಿಕೊಂಡು ಹೋಗುತ್ತೀರಿ. 2023ರಲ್ಲಿ ಆ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕಿದ್ದೂ ಇದೇ ಬೇಲೂರು ತಾಲ್ಲೂಕಿನಲ್ಲಿ. ಹೆಮ್ಮೆ ಪಡಿ, ಬೇಡ ಎನ್ನುವುದಿಲ್ಲ. ಆದರೆ ಕಲ್ಲಿಗೆ ಕೈಮುಗಿದು ಹೋದರೆ ಸಾಕೇ? ಈ ಊರುಗಳ ಹೆಣ್ಣುಮಕ್ಕಳ ಪಾಡೇನು ಎಂದು ಯಾರು ಕೇಳಬೇಕು?

ತೆಂಗು ನಂಬಿದ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುತ್ತಾಳೆ. "ಆರು ತಿಂಗಳಲ್ಲಿ ನರ್ಸಿಂಗ್, ಕೆಲಸ ಗ್ಯಾರಂಟಿ" ಎಂಬ ಕರಪತ್ರ ಅವಳ ಕೈಗೆ ಬರುತ್ತದೆ. ಅಪ್ಪ ಸಾಲ ಮಾಡಿ ಫೀಸು ಕಟ್ಟುತ್ತಾನೆ. ಕೊನೆಗೆ ಸಿಗುವುದು ಬಣ್ಣದ ಕಾಗದ! ಆಸ್ಪತ್ರೆಗೆ ಹೋದರೆ "ಇದು ನಡೆಯೋದಿಲ್ಲಮ್ಮ" ಎನ್ನುತ್ತಾರೆ.

ಗೆಳೆಯರೇ, ಸರಿಯಾಗಿ ತಿಳಿದುಕೊಳ್ಳಿ. ಆರು ತಿಂಗಳಿಗೆ ಯಾರೂ ನರ್ಸ್ ಆಗುವುದಿಲ್ಲ. ಎ.ಎನ್.ಎಂ. 2 ವರ್ಷ, ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಆಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗಬೇಕು. ಲ್ಯಾಬ್, ಎಕ್ಸ್-ರೇ ಮುಂತಾದ ಡಿಪ್ಲೊಮಾಗಳಿಗೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್ ಇದೆ. 2021ರ ಕೇಂದ್ರ ಕಾಯಿದೆ ಇಂಥ ವೃತ್ತಿಗಳಿಗೆ ಕನಿಷ್ಠ 2000 ಗಂಟೆಗಳ ಕಲಿಕೆ ಬೇಕು ಎನ್ನುತ್ತದೆ.

ಹಾಗಾದರೆ ರೋಗಿಯನ್ನು ಎತ್ತಿ ಕೂರಿಸುವ, ಮೈ ಒರೆಸುವ, ಊಟ ಮಾಡಿಸುವ ಸಹಾಯಕಿ ಎಲ್ಲಿದ್ದಾಳೆ? ಈ ಎಲ್ಲ ಬಾಗಿಲುಗಳ ಹೊರಗೆ! ಅವಳ ಕೆಲವು ತಿಂಗಳ ತರಬೇತಿ ಆ ಅಳತೆಗೆ ಬರುವುದಿಲ್ಲ. "ಜನರಲ್ ಡ್ಯೂಟಿ ಅಸಿಸ್ಟೆಂಟ್" ಎಂಬ ಕೌಶಲ ತರಬೇತಿಯೇನೋ ಇದೆ. ಕೌಶಲ ಸರ್ಟಿಫಿಕೇಟುಗಳ ಮಾನ್ಯತೆ ನೋಡಿಕೊಳ್ಳಲು ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತನ್ನು 2018ರಲ್ಲಿ ರಚಿಸಲಾಯಿತು. ಆದರೆ ಅದು ನರ್ಸ್ ನೋಂದಣಿಯಲ್ಲ. ಈ ವ್ಯತ್ಯಾಸವನ್ನು ಮುಚ್ಚಿಟ್ಟೇ ಅಂಗಡಿಗಳು ನಡೆಯುತ್ತಿವೆ.

ಇದು ಸಣ್ಣ ಕೆಲಸ ಎನ್ನಬೇಡಿ. ಹಾಸಿಗೆ ಹಿಡಿದ ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ನುಂಗಲಾಗದವರಿಗೆ ಮಲಗಿಸಿಕೊಂಡೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತು. ಇದನ್ನು ಕಲಿಸದೆ ಸರ್ಟಿಫಿಕೇಟ್ ಕೊಡುವುದು ವಂಚನೆಯಲ್ಲದೆ ಮತ್ತೇನು?

ಇನ್ನು ಭಾಷೆಯ ಮಾತು. ಹಳೇಬೀಡಿನ ಅಜ್ಜಿ "ಕಣ್ಣು ಕತ್ತಲೆ ಬರುತ್ತೆ, ಕೈ ಜೋಮು ಹಿಡಿದಿದೆ, ಎದೆ ಹಿಂಡಿದ ಹಾಗಾಗುತ್ತೆ ಕಣವ್ವಾ" ಎನ್ನುತ್ತಾಳೆ. ಡಾಕ್ಟರಿಗಿಂತ ಮೊದಲು ಅದನ್ನು ಕೇಳಿಸಿಕೊಳ್ಳುವವಳು ಸಹಾಯಕಿ. ಅವಳಿಗೆ ಕನ್ನಡ ಬಾರದಿದ್ದರೆ ಅಜ್ಜಿಯ ಗತಿಯೇನು? ಕನ್ನಡ ಬಲ್ಲ ಹುಡುಗಿಗೆ ಪಾಠವೆಲ್ಲ ಅರ್ಥವಾಗದ ಇಂಗ್ಲಿಷಿನಲ್ಲಿ ಆದರೆ ಅವಳು ಕಲಿಯುವುದಾದರೂ ಏನನ್ನು?

2024ರ ತಿದ್ದುಪಡಿಯಿಂದ ನಾಮಫಲಕಗಳಲ್ಲಿ ಶೇ. 60 ಕನ್ನಡ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಬೋರ್ಡಿನ ಮೇಲಿನ ಕನ್ನಡ ಅನ್ನ ಹಾಕುವುದಿಲ್ಲ. ವಾರ್ಡಿನೊಳಗಿನ ಕನ್ನಡ ಅನ್ನವನ್ನೂ ಹಾಕುತ್ತದೆ, ಜೀವವನ್ನೂ ಉಳಿಸುತ್ತದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು:

1. ಆರೈಕೆ ಸಹಾಯಕರಿಗೆ ರಾಜ್ಯವೇ ಒಂದು ಪಠ್ಯಕ್ರಮ, ಒಂದು ನೋಂದಣಿ ಪುಸ್ತಕ ಮಾಡಲಿ.
2. ಪಾಠ ಮತ್ತು ಪರೀಕ್ಷೆ ಕನ್ನಡದಲ್ಲಿ ನಡೆಯಲಿ. ಬೇರೆ ರಾಜ್ಯದಿಂದ ಬಂದವರು ರೋಗಿಯ ಜೊತೆ ಆಡುವಷ್ಟು ಕನ್ನಡ ಕಲಿಯಲಿ.
3. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೈಕೆಲಸದ ತರಬೇತಿ ಸಿಗಲಿ.
4. ಈ ತರಬೇತಿ ಪಡೆದವರು ಮುಂದೆ ಎ.ಎನ್.ಎಂ. ಸೇರಲು ದಾರಿ ಇರಲಿ.

ನಗರದ ಗೆಳೆಯರೇ, ನಿಮಗೂ ಒಂದು ಕೆಲಸವಿದೆ. ನಿಮ್ಮೂರಿನ ತಂಗಿ ಫೀಸು ಕಟ್ಟುವ ಮುನ್ನ ನೀವು ಕೇಳಿ: ಸರ್ಟಿಫಿಕೇಟ್ ಕೊಡುವವರು ಯಾರು? ಮಾನ್ಯತೆ ಕೊಟ್ಟವರು ಯಾರು? ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಅಭ್ಯಾಸ? ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ, ನಾಲ್ಕು ಜನಕ್ಕೆ ಹೇಳಿ.

ಭಾಷೆ ಉಳಿಯುವುದು ಅದನ್ನಾಡುವ ಜನ ಬದುಕಿದಾಗ. ಏಳಿ, ಕೇಳಿ, ಹೋರಾಡಿ!

ಜೈ ಕನ್ನಡ! ಜೈ ಕರ್ನಾಟಕ!